ನೀರು ನಿಲ್ಲಿಸಿದ ಹೊಲ

ಹೊಲದಲ್ಲಿ ನೀರು ನಿಲ್ಲಿಸಿದರೆ ದುಡ್ಡು ಕೊಡುತ್ತಾರಂತೆ! ಮಗಳು ಇದನ್ನು ಹೇಳಿದ ದಿನ ಮುದುಕ, "ನಿನಗೇನು ತಲೆ ಕೆಟ್ಟಿದೆಯಾ?" ಎಂದು ಊಟ ಬಿಟ್ಟು ಎದ್ದ. ತಲೆಯೇನೂ ಕೆಟ್ಟಿರಲಿಲ್ಲ. ಕೆಳಗಿನ ಹೊಲ ಮೊದಲು ಜೌಗೇ ಆಗಿತ್ತು. ಅವನ ಅಪ್ಪ ಬಸಿಗಾಲುವೆ ತೋಡಿ ಒಣಗಿಸಿದ್ದ. ಇವನು ಜೀವಮಾನವಿಡೀ ಅದರ ಹೂಳೆತ್ತಿದ್ದ. ಇಷ್ಟು ಮಾಡಿದರೂ ಬೆಳೆ ಕೈಗೆ ಬಂದರೆ ಬಾಯಿಗಿಲ್ಲ. "ಅದು ಮತ್ತೆ ಜೌಗಾಗಲಿ. ಹಕ್ಕಿ ಬರ್ತವೆ, ಕೆಳಗಿನ ಪೇಟೆಗೆ ನೆರೆ ತಪ್ಪುತ್ತೆ. ಅದಕ್ಕೆ ವರ್ಷವರ್ಷ ದುಡ್ಡು" ಎಂದ ಪರಿಸರ ಕಚೇರಿಯ ಅಧಿಕಾರಿ. ಹೊಲ ಮಗಳ ಹೆಸರಿನಲ್ಲಿತ್ತು. ಅವಳು ಸಹಿ ಹಾಕಿ, ಕಾಲುವೆಯ ಬಾಯಿಯನ್ನು ಹಲಗೆ ಇಳಿಸಿ ಮುಚ್ಚಿಸಿದಳು.

ಅವತ್ತೇ ಅಪ್ಪ ಮಾತು ಬಿಟ್ಟ. ಸಾರಿಗೆ ಉಪ್ಪು ಸಾಲದಿದ್ದರೆ, "ಈ ಮನೆಯಲ್ಲಿ ಉಪ್ಪಿಗೂ ಗತಿಯಿಲ್ಲ" ಎಂದು ಗೋಡೆಗೆ ಹೇಳುವನು. "ಮೂಗಿನ ಕೆಳಗೇ ಇದೆ" ಎಂದು ಅವಳೂ ಗೋಡೆಗೇ ಹೇಳುವಳು. ಅಪ್ಪನಿಗೆ ತಕ್ಕ ಮಗಳು! ಆದರೆ ಅವನು ಒಂದೇ ಒಂದು ಸಲ "ಮಗಳೇ" ಅನ್ನಲಿ ಎಂದು ಅವಳ ಜೀವ ಬಡಿದುಕೊಳ್ಳುತ್ತಿತ್ತು.

ಅಧಿಕಾರಿ ನೀರಿನ ಮಟ್ಟ ಅಳೆಯಲು ಬರುವ ಬೆಳಿಗ್ಗೆ ಅಪ್ಪನ ಹಾಸಿಗೆ ಖಾಲಿ. ಮಟ್ಟ ಇಳಿದಿದ್ದರೆ ಆ ವರ್ಷದ ದುಡ್ಡಿಲ್ಲ ಎಂದು ಅವನಿಗೂ ಗೊತ್ತಿತ್ತು. ಹಲಗೆ ಕೀಳಲು ಹೋಗಿದ್ದಾನೆ ಎಂದುಕೊಂಡು ಅವಳು ಬಾಯಿಗೆ ಬಂದಂತೆ ಬೈಯುತ್ತ ಓಡಿದಳು.

ಹಲಗೆಯ ತನಕ ಅವನು ಹೋಗಿರಲಿಲ್ಲ. ಏರಿಯ ಮೇಲೆ ಸುತ್ತಿ ಹೋಗುವುದು ಬಿಟ್ಟು, ಉಳುವಾಗಿನ ರೂಢಿಯಂತೆ ಹೊಲದ ನಡುವೆಯೇ ಹೆಜ್ಜೆ ಹಾಕಿದ್ದ. ಕಣ್ಣು ಮುಚ್ಚಿ ನಡೆಯುತ್ತಿದ್ದ ನೆಲ ಈಗ ಕೆಸರು. ಸೊಂಟದವರೆಗೆ ಹೂತು, ಗದ್ದದವರೆಗೆ ಚಳಿಗಾಲದ ತಣ್ಣೀರಿನಲ್ಲಿ ನಿಂತಿದ್ದ. ತುಟಿ ನೀಲಿಗಟ್ಟಿತ್ತು.

"ಅಪ್ಪಾ!"

ಹಲಗೆ ಅವಳ ಕಾಲ ಬುಡದಲ್ಲೇ ಇತ್ತು. ಎತ್ತಿದರೆ ನೀರು ಇಳಿಯುತ್ತಿತ್ತು. ಬಗ್ಗಿ ಹಿಡಿದಳು, ಹಿಡಿದವಳು ತಡೆದಳು. ಹೆಚ್ಚು ಹೊತ್ತಲ್ಲ, ಒಂದು ಉಸಿರು. ಕಣ್ಣು ತಾನಾಗಿ ಅಧಿಕಾರಿ ಬರುವ ದಾರಿಯ ಕಡೆ ಹೋಯಿತು.

ಅಪ್ಪ ಅದನ್ನು ನೋಡಿಬಿಟ್ಟ.

"ಬಿಡು ಮಗಳೇ," ಎಂದ, ನಡುಗುತ್ತ. "ದುಡ್ಡು ಹೋಗುತ್ತೆ."

ಅವಳು ಕಿರುಚಿಕೊಂಡು ಹಲಗೆಗಳನ್ನೆಲ್ಲ ಕಿತ್ತೆಸೆದಳು. ನೀರು ಎದೆಗಿಳಿಯಿತು. ಕೂಗು ಕೇಳಿ ಬಂದ ನೆರೆಯವರು ಏಣಿ ಮಲಗಿಸಿ ಅವನನ್ನು ಎಳೆದರು. ಒಲೆಯ ಮುಂದೆ ಕಂಬಳಿ ಹೊದಿಸಿ ಅಂಗಾಲು ತಿಕ್ಕಿದರು. ಮೈಗೆ ಬಿಸಿ ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟ.

ಅಧಿಕಾರಿ ಒಳ್ಳೆಯವನು. ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತ.

"ಇದು ಅಪಘಾತ ಅಂತ ಬರೀತೀನಿ. ದುಡ್ಡು ಬಂದೇ ಬರುತ್ತೆ. ಅದರ ಚಿಂತೆ ನೀವು ಮಾಡಬೇಡಿ."

"ಮಾಡಿಬಿಟ್ಟೆ ಸಾರ್," ಎಂದಳು ಮಗಳು. "ಅಪ್ಪನ ಕಣ್ಣೆದುರಿಗೇ."