ಹಾಲು ಒಸರಿದ ದಂಟು

ಅತ್ತೆಯ ಶವದ ತಲೆ ಬಾಚುತ್ತಿದ್ದ ಸೊಸೆಯ ಮೊಣಕೈಯನ್ನು ಎದುರುಮನೆಯ ದರ್ಜಿ ಹೆಂಗಸು ಮೆಲ್ಲನೆ ತಟ್ಟಿದಳು.

"ತಪ್ಪು ತಿಳ್ಕೋಬೇಡಮ್ಮ. ನಿಮ್ಮತ್ತೆ, ನಮ್ಮ ಸೊಪ್ಪಜ್ಜಿ, ನಿನಗೇನಾದ್ರೂ ಸೊಪ್ಪಿನ ಮದ್ದು ಹೇಳಿಕೊಟ್ಟು ಹೋದ್ರಾ?"

"ನನಗೇನು ಗೊತ್ತಕ್ಕಾ? ಕಿತ್ತು ತಾ ಅಂದಿದ್ದನ್ನ ತಂದುಕೊಡ್ತಿದ್ದೆ, ಅಷ್ಟೇ."

ಬೆಳಗಿನಿಂದ ಈ ಮಾತನ್ನು ಆಡಿದ್ದು ಇದು ಆರನೆಯ ಸಲ. ಸೋಮವಾರದಿಂದ ಅವಳಿಗೆ ಪುಸ್ತಕ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ, ಹೊಸ್ತಿಲಿನಾಚೆ ತನ್ನದೆನ್ನಬಹುದಾದ ಮೊದಲ ಜಾಗ ಅದು.

*

ಆರು ವರ್ಷಗಳ ಹಿಂದೆಯೇ ಅತ್ತೆಯ ಕಣ್ಣಿಗೆ ಮಂಜು ಕವಿದಿತ್ತು. ಅಂದಿನಿಂದ ಹಿತ್ತಿಲಿನ ಕಳೆಗಳಲ್ಲಿ ಕಾಮಾಲೆಗೆ ನೆಲನೆಲ್ಲಿಯನ್ನೂ ನೆಗಡಿಗೆ ತುಂಬೆಯನ್ನೂ ಊಟಕ್ಕೆ ಗೋಣಿಸೊಪ್ಪನ್ನೂ ಗುರುತಿಸಿ ಆರಿಸುತ್ತಿದ್ದವಳು ಸೊಸೆ. ಮುಂಬಾಗಿಲಲ್ಲಿ ಕುಳಿತು ಹೆಸರು ಹೊತ್ತವಳು ಮಾತ್ರ ಅತ್ತೆ.

"ನಿನಗೆ ಗೊತ್ತು ಅಂತ ಯಾರ ಮುಂದೂ ಬಾಯಿಬಿಡಬೇಡ ಕಣೇ," ಎಂದಿದ್ದಳು ಅತ್ತೆ ಒಮ್ಮೆ, ಸೊಪ್ಪು ಸೋಸುತ್ತ. "ನನ್ನ ತಂಗಿ ಸತ್ತಾಗ ಹೊರಟು ನಿಂತಿದ್ದೆ. ಯಾರದೋ ಮಗೂಗೆ ಭೇದಿ ಅಂತ ಬಂದ್ರು. ಕಷಾಯ ಕಾಸಿ ಕೊಡೋ ಹೊತ್ತಿಗೆ ಬಸ್ಸು ಹೋಯ್ತು. ತಂಗಿ ಮುಖ ನೋಡ್ಲಿಲ್ಲ. ನೀನಾದ್ರೂ ಈ ಬಾಗಿಲು ದಾಟಿ ಹೋಗೇ."

*

ಶವ ಎತ್ತುವ ಹೊತ್ತಿಗೆ ದರ್ಜಿ ಹೆಂಗಸು ಮತ್ತೆ ಬಂದಳು. ಸೆರಗಿನಲ್ಲಿ ಒಂದು ಹಿಡಿ ಸೊಪ್ಪು.

"ಮಗಳಿಗೆ ಹೊಟ್ಟೆ ಕಟ್ಕೊಂಡು ನಾಲ್ಕು ದಿನ. ಗೋಣಿಸೊಪ್ಪು ಬೇಯಿಸಿ ಕೊಡು ಅಂತ ಅಜ್ಜಿ ಹೇಳಿದ್ರು. ನೀನಂತೂ ಗೊತ್ತಿಲ್ಲ ಅಂದೆ, ನಾನೇ ಕಿತ್ತೆ. ಹೋಗಿ ಒಲೆ ಹಚ್ತೀನಿ."

ಗೋಣಿಸೊಪ್ಪಿನಂತೆಯೇ ನೆಲಕ್ಕಂಟಿ ಹರಡುವ ಕೆಂಪು ದಂಟು. ಎಲೆಯಲ್ಲಿ ಮಾತ್ರ ಅದರ ದಪ್ಪವಿರಲಿಲ್ಲ. ಸೊಸೆ ತುಟಿ ಬಿಗಿಹಿಡಿದಳು. ದರ್ಜಿ ಹೆಂಗಸು ಒಂದು ಮೆಟ್ಟಿಲಿಳಿದಳು, ಎರಡಿಳಿದಳು.

"ನಿಲ್ಲಿ ಅಕ್ಕಾ!"

ಓಡಿಹೋಗಿ ದಂಟನ್ನು ಮುರಿದಳು. ಬಿಳಿಯ ಹಾಲು ಒಸರಿತು.

"ಇದು ಗೋಣಿಸೊಪ್ಪಲ್ಲ. ಅದನ್ನ ಮುರಿದ್ರೆ ಬರೀ ನೀರು. ಹೀಗೆ ಹಾಲು ಬಂತೋ, ಬಾಯಿಗಿಡಬಾರದು."

ಅಂಗಳದಲ್ಲಿದ್ದವರೆಲ್ಲ ಅವಳತ್ತ ತಿರುಗಿದರು.

"ಅಯ್ಯೋ ಕಳ್ಳೀ! ಎಲ್ಲಾ ಹೊಟ್ಟೇಲಿಟ್ಕೊಂಡು ಏನೂ ಗೊತ್ತಿಲ್ಲ ಅಂದ್ಯಲ್ಲೇ!" ದರ್ಜಿ ಹೆಂಗಸು ಅಳುತ್ತಲೇ ನಕ್ಕು ಅವಳನ್ನು ತಬ್ಬಿದಳು.

"ಸದ್ಯ, ಅಮ್ಮನ ಬಾಗಿಲು ಮುಚ್ಚಲ್ಲ," ನಾದಿನಿ ಕಣ್ಣೊರೆಸಿಕೊಂಡಳು. "ಅತ್ತಿಗೆ, ನೀವು ಬರಲ್ಲ ಅಂತ ಆ ಕಾರ್ಖಾನೆಯವರಿಗೆ ನಾನೇ ಹೇಳಿ ಕಳಿಸ್ತೀನಿ, ಬಿಡಿ."

ಸೊಸೆ ಏನೋ ಹೇಳಹೊರಟಳು. ಅಷ್ಟರಲ್ಲಿ ಶವ ಹೊತ್ತವರು ಎದುರಿಗೆ ಬಂದರು. ಮುಂದೆ ಹೆಗಲು ಕೊಟ್ಟಿದ್ದ ಕ್ಷೌರಿಕ ಹೆಜ್ಜೆ ತಡೆದ. ಉಳಿದ ಮೂವರೂ ನಿಲ್ಲಬೇಕಾಯಿತು. ಅವನು ಭಾರವನ್ನು ಹೆಗಲಮೇಲೆ ತುಸು ಸರಿಪಡಿಸಿಕೊಂಡು, ಅವಳತ್ತ ಕತ್ತು ಬಾಗಿಸಿ, ಬಾಯಗಲಿಸಿ, ಹುಣ್ಣಾದ ನಾಲಿಗೆಯನ್ನು ಹೊರಚಾಚಿದ.