ಗುಡ್ಡ ಹೋದ ಮೇಲಿನ ಹೆಸರು

ಕಲ್ಲುಗಣಿಗೆಂದು ಗುಡ್ಡ ಒಡೆಯುವ ಮೊದಲು, ಅಲ್ಲಿನ ನೆಲಜೀರುಂಡೆ ಬೇರೆ ಪ್ರಭೇದವಲ್ಲ ಎಂದು ಬರೆದುಕೊಟ್ಟರು. ಗುಡ್ಡ ಒಡೆದು ಮುಗಿದ ಮೇಲೆ, ಅದು ಬೇರೆ ಪ್ರಭೇದವೇ ಎಂದು ಬರೆಯಲು ಹೇಳಿದರು. ಬರೆದುಕೊಟ್ಟವರೂ ಬರೆಯಲು ಹೇಳಿದವರೂ ಒಬ್ಬರೇ, ಕೀಟ ಸಂಗ್ರಹಾಲಯದ ನಿರ್ದೇಶಕರು.

"ಏನಮ್ಮಾ, ಖುಷಿಯಾಗ್ಲಿಲ್ವಾ? ಹೊಸ ಪ್ರಭೇದ, ಹೊಸ ಪ್ರಭೇದ ಅಂತ ನನ್ನ ಪ್ರಾಣ ತಿಂದಿದ್ದು ನೀನೇ ತಾನೇ?"

ಸಂಗ್ರಹಾಲಯದವರೆಲ್ಲ ಜೀರುಂಡೆ ಮೇಡಂ ಎಂದೇ ಕರೆಯುತ್ತಿದ್ದ ಅವಳು ಮೇಜಿನ ಮೇಲಿನ ಪ್ಲಾಸ್ಟಿಕ್ ಡಬ್ಬಿ ನೋಡಿದಳು. ಒದ್ದೆ ಮಣ್ಣು, ಒಂದು ಹಿಡಿ ತರಗೆಲೆ, ಅಂಗೈಯಗಲದ ಕಲ್ಲಿನ ಚಕ್ಕೆ. ಚಕ್ಕೆಯಡಿ ಗಂಡು ಜೀರುಂಡೆ. ಹೊರಗೆ ಹೊಸ ಸಭಾಂಗಣದ ನೆಲ ಉಜ್ಜುವ ಯಂತ್ರ ಗುರ್ರೆನ್ನುತ್ತಿತ್ತು. ಅಲ್ಲಿ ಹಾಸಿದ ಚಪ್ಪಡಿಯೂ ಅದೇ ಗುಡ್ಡದ್ದು.

ಗುಡ್ಡ ಒಡೆಯುವ ಮುಂಚೆ ಅವಳ ಹತ್ತಿರ ಇದ್ದದ್ದು ಸೂಜಿಗೆ ಚುಚ್ಚಿದ ಒಂದು ಹೆಣ್ಣು. ಕಿರಿದಾದ ತಲೆ, ನೀಳ ಕತ್ತು. ಬಸವನಹುಳುವಿನ ಚಿಪ್ಪಿಗೆ ಮುಖ ತೂರಿಸಿ ತಿನ್ನುವುದಕ್ಕೇ ಹುಟ್ಟಿದಂಥ ಮೈಕಟ್ಟು. ನಿರ್ದೇಶಕರು ಲೆನ್ಸಿನಲ್ಲಿ ಒಮ್ಮೆ ಇಣುಕಿ, "ಬರೀ ಹೆಣ್ಣು ನೋಡಿ ಹೇಳೋಕಾಗಲ್ಲ" ಎಂದವರೇ ಅದನ್ನು ಎಲ್ಲೆಂದರಲ್ಲಿ ಸಿಗುವ ಕಪ್ಪು ಜೀರುಂಡೆಗಳ ಸಾಲಿಗೆ ತಳ್ಳಿದ್ದರು. ಅವರ ಮಾತು ಪೂರ್ತಿ ಸುಳ್ಳಲ್ಲ; ಅದೇ ಅವಳ ಬಾಯಿ ಕಟ್ಟಿತ್ತು. ಈ ಹುಳಗಳ ಪ್ರಭೇದ ಇತ್ಯರ್ಥವಾಗುವುದು ಗಂಡಿನ ಹೊಟ್ಟೆಯೊಳಗೆ ಕುಡುಗೋಲಿನಂತೆ ಬಾಗಿ ಅಡಗಿರುವ ಪುಟ್ಟ ಅಂಗದಿಂದ. ಗಂಡು ಸಿಗುವ ತನಕವಾದರೂ ಗುಡ್ಡ ಮುಟ್ಟಬೇಡಿ ಎಂದು ಕೈಮುಗಿದಳು. ಇಲ್ಲದ ಪ್ರಭೇದಕ್ಕೆ ಗಂಡೇನು ಹೆಣ್ಣೇನು ಎಂದರು. ಮರುವಾರ ಗಣಿಯವರು ಸಿಡಿಮದ್ದು ಇಟ್ಟರು.

ಈ ಗಂಡು ಸಿಕ್ಕಿದ್ದು ಎಲ್ಲ ಮುಗಿದ ಮೇಲೆ, ಗಣಿಯಂಚಿನ ಕಲ್ಲುರಾಶಿಯಲ್ಲಿ. ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಅವಳು ಅಲ್ಲಿ ಮಂಡಿಯೂರಿ, ಉಗುರು ಕಿತ್ತುಬರುವಂತೆ ಅದಕ್ಕೆ ಜೋಡಿಯಾಗಿ ಜೀವಂತ ಹೆಣ್ಣೊಂದನ್ನು ಹುಡುಕಿದಳು. ಡಬ್ಬಿಯ ಹುಳಕ್ಕೆಂದು ಹಿತ್ತಲಿನ ಬಸವನಹುಳು ಆರಿಸಿಕೊಡುತ್ತಿದ್ದವರು ಅತ್ತೆ.

"ಮೈದುನನಿಗೊಂದು ಹೆಣ್ಣು ನೋಡೇ ಅಂದ್ರೆ ಮೂಗು ಮುರೀತೀಯ, ಈ ಹುಳಕ್ಕೆ ಚಪ್ಪಲಿ ಸವೆಸ್ತೀಯಲ್ಲೇ!" ಎಂದು ನಗುತ್ತಿದ್ದರು. ನಕ್ಕು ಮುಗಿಸಿ, ಬಟ್ಟಲು ಕೈಗಿಡುವಾಗ ಮೆಲ್ಲಗೆ, "ಸಿಕ್ತೇನೇ?" ಎನ್ನುತ್ತಿದ್ದರು.

ಸಿಗಲಿಲ್ಲ.

"ಸೋಮವಾರ ಉದ್ಘಾಟನೆ," ನಿರ್ದೇಶಕರು ಕುರ್ಚಿ ಎಳೆದುಕೊಂಡರು. "ಸಭಾಂಗಣ ಕಟ್ಟಿಸಿಕೊಟ್ಟಿದ್ದು ಗಣಿ ಯಜಮಾನರು. ಈ ಹುಳಕ್ಕೆ ಅವರ ತಂದೆ ಹೆಸರಿಟ್ಟು, ವೇದಿಕೆ ಮೇಲೆ ಘೋಷಿಸೋಣ."

"ಗುಡ್ಡ ಒಡೆದವರ ಹೆಸರಾ ಸಾರ್?"

"ಅವರಪ್ಪ ಒಡೆದಿಲ್ಲವಲ್ಲಮ್ಮ. ಪಾಪ, ಯಾವತ್ತೋ ತೀರಿಹೋದರು."

"ಹುಳದ ಕಥೇನೂ ಹೆಚ್ಚುಕಮ್ಮಿ ಅದೇ ಸಾರ್."

ನಿರ್ದೇಶಕರು ನಗಲಿಲ್ಲ. ಹುಳ ಸಾಯಿಸುವ ಸೀಸೆಯ ಬಿರಡೆ ತೆಗೆದು ಅವಳ ಮುಂದಿಟ್ಟರು. ಉಗುರುಬಣ್ಣದಂಥ ವಾಸನೆ ಕೋಣೆ ತುಂಬಿತು.

"ನೋಡು, ಉಳಿದಿರೋದು ಒಂದೇ. ಹೇಗೂ ಸಾಯುತ್ತೆ. ಇವತ್ತು ನಿನ್ನ ಕೈಲಿ ಸತ್ರೆ ಹೆಸರಾದ್ರೂ ಉಳಿಯುತ್ತೆ. ಇಲ್ಲಾಂದ್ರೆ ಇಂಥದ್ದೊಂದು ಭೂಮಿ ಮೇಲಿತ್ತು ಅಂತ ನಾಯಿಗೂ ಗೊತ್ತಾಗಲ್ಲ."

ಅದೂ ನಿಜವೇ. ಈ ಮನುಷ್ಯ ನಿಜವನ್ನೇ ಆಡಿ ಆಡಿ ತನ್ನನ್ನು ಗೋಡೆಗೊತ್ತುತ್ತಾರಲ್ಲ ಎಂದು ಅವಳಿಗೆ ಅಳು ಬಂತು.

"ಒಂದಿದೆ ಅಂದ್ರೆ ಇನ್ನೊಂದು ಇರಬಹುದು ಸಾರ್."

"ಇಷ್ಟು ದಿನ ಹುಡುಕಿದ್ಯಲ್ಲ, ಸಿಕ್ತಾ?"

ಅವಳು ಡಬ್ಬಿಯನ್ನು ಸೀಸೆಯಿಂದ ದೂರ ಸರಿಸಿದಳು.

"ಅದರ ಪಾಡಿಗದು ಸಾಯ್ಲಿ. ಆಮೇಲೆ ಕುಯ್ದು ನೋಡ್ತೀನಿ."

"ಸೋಮವಾರದೊಳಗೆ ಸಾಯುತ್ತೇನಮ್ಮ?" ಅವರ ದನಿ ಇಳಿಯಿತು. "ಕೈಲಾಗಲ್ಲ ಅಂದ್ರೆ ಹೇಳು, ಬೇರೆಯವರು ಮಾಡ್ತಾರೆ. ಆಗ ಈ ಮೇಜೂ ಅವರದೇ. ನಿನಗೆ ಚಿಮುಟ ಹಿಡಿಯೋದು ಕಲಿಸಿದವನು ನಾನು. ನನ್ನ ಬಾಯಲ್ಲಿ ಇದನ್ನ ಹೇಳಿಸಬೇಡ."

ಹೌದು, ಕಲಿಸಿದವರು ಅವರೇ. ಮೊದಲ ದಿನ ಅವಳ ಕೈ ನಡುಗಿದಾಗ, "ಮೊಣಕೈ ಮೇಜಿಗೂರು ಮಗೂ, ನಡುಗಲ್ಲ" ಎಂದಿದ್ದರು.

ಅವಳು ಮೊಣಕೈ ಮೇಜಿಗೂರಿದಳು. ಬಿರಡೆ ಎತ್ತಿ ಸೀಸೆಗೆ ಒತ್ತಿ ಮುಚ್ಚಿ, ಅವರತ್ತ ಸರಿಸಿದಳು. ಲೋಟದ ನೀರಿಗೆ ಬೆರಳದ್ದಿ ಡಬ್ಬಿಯ ಮಣ್ಣಿಗೆ ಚಿಮುಕಿಸಿದಳು.

"ಆಗಲ್ಲ ಸಾರ್. ಕೊಲ್ಲೋದೂ ಇಲ್ಲ, ಆ ಹೆಸರು ಬರೆಯೋದೂ ಇಲ್ಲ."

ಡಬ್ಬಿಯನ್ನು ಮಡಿಲಿಗೆಳೆದುಕೊಂಡು ಎರಡೂ ಕೈ ಸುತ್ತ ಇಟ್ಟಳು. ಹೊರಗೆ ಯಂತ್ರ ನಿಂತಿತು. ಕಲ್ಲಿನ ಚಕ್ಕೆಯ ಅಡಿಯಿಂದ ಎರಡು ಮೀಸೆಗಳು ಹೊರಬಂದು, ಗಾಳಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಡವಿ, ಮತ್ತೆ ಒಳಗೆ ಹೋದವು.