ಅರ್ಧ ನೇಯ್ದ ಕರಡಿ

ಬ್ರೌರೋನ್ ಕ್ಷೇತ್ರದ ಕಟ್ಟಳೆ ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು. ಹೆತ್ತು ಬದುಕಿ ಉಳಿದವಳು ತನ್ನ ಒಳ್ಳೆಯ ವಸ್ತ್ರವೊಂದನ್ನು ಅಲ್ಲಿನ ಆರ್ತೆಮಿಸ್ ದೇವಿಯ ಗುಡಿಯಲ್ಲಿ ತೂಗುಹಾಕುತ್ತಾಳೆ. ಹೆರುವಾಗ ಸತ್ತವಳ ವಸ್ತ್ರವನ್ನು ಮನೆಯವರು ತಂದು, ನೀರಿನ ಊಟೆಯ ಆಚೆ ಬಂಡೆಯ ಸಂದಿನಲ್ಲಿರುವ ಇಫಿಗೆನೆಯಳ ಚಿಕ್ಕ ಗುಡಿಯಲ್ಲಿ ಇಡುತ್ತಾರೆ. ಆ ಹುಡುಗಿಯನ್ನು ಹೆತ್ತ ತಂದೆಯೇ ಇದೇ ದೇವಿಯ ಬಲಿಪೀಠಕ್ಕೆ ಎಳೆದು ತಂದಿದ್ದ. ಅಕಾಲದಲ್ಲಿ ಹೋದ ಹೆಣ್ಣುಮಕ್ಕಳ ಸಂಕಟ ಅವಳಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು? ಸತ್ತವಳ ಮಗ್ಗದ ಮೇಲೆ ಅರ್ಧ ನೇಯ್ದದ್ದು ಉಳಿದಿದ್ದರೆ ಅದನ್ನೇ ತರಬೇಕು, ನೂಲು ಜೋಲಾಡುತ್ತಿದ್ದರೂ ಹಾಗೆಯೇ. ಬೇರೆಯವರು ಒಂದು ಎಳೆಯನ್ನೂ ಸೇರಿಸಕೂಡದು. ಅವಳ ಕೈ ನಿಂತಲ್ಲಿ ಬಟ್ಟೆಯೂ ನಿಲ್ಲಬೇಕು.

ನನ್ನ ಮಗಳು ಥೆಯಾನೊ ಕಳೆದ ಚಳಿಗಾಲದ ಕೊನೆಯಲ್ಲಿ ಗಂಡುಮಗುವನ್ನು ಹೆತ್ತು ತೀರಿಕೊಂಡಳು. ನಾನೇ ಅವಳ ಮೈ ತೊಳೆದೆ. ಹೆಣ ಮುಟ್ಟಿದವಳು, ಬಾಣಂತಿಯನ್ನು ಮುಟ್ಟಿದವಳು ದೇವಿಯ ಪೀಠದ ಹತ್ತಿರ ಸುಳಿಯಬಾರದು. ಹೆರಿಗೆಯ ಮನೆಗೆ ಕರೆಯದಿದ್ದರೂ ಬಿಲ್ಲು ಹಿಡಿದು ಬರುವವಳು, ಬಾಣ ಬಿಟ್ಟು ನಮ್ಮ ಹೆಣ್ಣುಮಕ್ಕಳನ್ನು ಕೊಂಡೊಯ್ಯುವವಳು ಆ ದೇವಿಯೇ. ಆದರೆ ಆ ರಕ್ತವನ್ನು ತೊಳೆದ ಕೈ ಮಾತ್ರ ಅವಳಿಗೆ ಮೈಲಿಗೆ. ಇದು ಯಾವ ನ್ಯಾಯವೆಂದು ನಾನು ಆಗಲೂ ಕೇಳಿದೆ, ಈಗಲೂ ಕೇಳುತ್ತೇನೆ. ಕೇಳಿದರೂ ಕಟ್ಟಳೆ ಮೀರಲಿಲ್ಲ. ಸೂತಕ ಕಳೆಯುವ ತನಕ ಮನೆಯಲ್ಲೇ ಕೂತೆ. ಮಗಳ ಮಗ್ಗದ ಮೇಲಿನ ಬಟ್ಟೆಯನ್ನು ಅವಳ ಗಂಡನ ಮನೆಯವರು ಒಯ್ದು ಇಡಬೇಕು. ಇಟ್ಟಿರುತ್ತಾರೆಂದು ನಂಬಿದ್ದೆ.

ದೇವಿಯ ಹಬ್ಬಕ್ಕೆ ಹೋದವಳು ಮೊದಲು ಬಂಡೆಯ ಗುಡಿಗೆ ಹೋದೆ. ಇಟ್ಟ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಸರಿಸಿ ನೋಡಿದೆ. ಯಾರು ಯಾರದೋ ಮಕ್ಕಳ ನೂಲು ಬೆರಳಿಗೆ ತೊಡರಿಕೊಂಡಿತು. ನನ್ನ ಮಗಳದು ಅಲ್ಲಿರಲಿಲ್ಲ.

ಅದು ಸಿಕ್ಕಿದ್ದು ಆರ್ತೆಮಿಸಳ ಗುಡಿಯಲ್ಲಿ, ಹೆತ್ತು ಸುಖವಾಗಿರುವವರ ವಸ್ತ್ರಗಳ ನಡುವೆ. ಕೇಸರಿ ಬಣ್ಣದ ಮೇಲುಹೊದಿಕೆ. ಅಂಚಿನಲ್ಲಿ ಮೇಲಕ್ಕೆ ಹತ್ತುತ್ತಿರುವ ಪುಟ್ಟ ಕರಡಿಗಳು. ಥೆಯಾನೊ ಚಿಕ್ಕವಳಿದ್ದಾಗ ಇದೇ ಅಂಗಳದಲ್ಲಿ ದೇವಿಯ ಸೇವೆಗೆ ಕರಡಿಮರಿಯ ವೇಷ ಕಟ್ಟಿ, ಕೇಸರಿ ಅಂಗಿ ತೊಟ್ಟು, ಉಳಿದ ಹುಡುಗಿಯರ ಜೊತೆ ಓಡಿದ್ದಳು. ಆಮೇಲೆ ಏನು ನೇಯ್ದರೂ ಅಂಚಿಗೆ ಕರಡಿ ಹಾಕುತ್ತಿದ್ದಳು. ಮೇಲಿನಿಂದ ಕೆಳಕ್ಕೆ ನೇಯುತ್ತ ಬಂದ ಈ ಹೊದಿಕೆಯಲ್ಲಿ ಕೊನೆಯ ಕರಡಿಗೆ ತಲೆಯಿತ್ತು, ಮುಂಗಾಲುಗಳಿದ್ದವು, ಹೊಟ್ಟೆಯಿರಲಿಲ್ಲ. ಹೊಟ್ಟೆಯ ಜಾಗದಿಂದ ಕೆಳಕ್ಕೆ ಬೇರೆ ಯಾರೋ ಬರಿಯ ಅಲೆ ಅಲೆಯ ಗೆರೆ ನೇಯ್ದು, ತುದಿ ಕಟ್ಟಿ, ಬಟ್ಟೆಯನ್ನು ಮುಗಿಸಿದ್ದರು. ಮೇಲಿನ ನೇಯ್ಗೆ ಬಿಗಿ, ಕೆಳಗಿನದು ಜಾಳುಜಾಳು. ಮೂಲೆಗೆ ಕಟ್ಟಿದ್ದ ಮರದ ಚೂರಿನಲ್ಲಿ ‘ಮೊಮ್ಮಗ ಹುಟ್ಟಿದ್ದಕ್ಕೆ ಲಿಸಿಲ್ಲ ಕೊಟ್ಟದ್ದು’ ಎಂದು ಕೊರೆದಿತ್ತು.

ಲಿಸಿಲ್ಲ ನನ್ನ ಬೀಗಿತ್ತಿ, ಅಳಿಯ ಫಿಲಾಗ್ರೊಸನ ತಾಯಿ. ಅವಳೂ ಹಬ್ಬಕ್ಕೆ ಬಂದಿದ್ದಳು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕಂಬಗಳ ನೆರಳಿನಲ್ಲಿ ಕೂತು ಅಂಜೂರ ತಿನ್ನುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತೆ.

“ನನ್ನ ಮಗಳು ಸತ್ತಿದ್ದು ನಿಮ್ಮನೇಲಿ ಯಾರಿಗೂ ಗೊತ್ತಾಗ್ಲೇ ಇಲ್ವಾ, ಬೀಗಿತ್ತಿ?”

“ಬಂದ್ರಾ? ಕೂತ್ಕೊಳ್ಳಿ. ಬಿಸಿಲಲ್ಲಿ ನಿಂತ್ರೆ ತಲೆ ಸುತ್ತತ್ತೆ.”

“ನನ್ ತಲೆ ಸರಿಯಾಗೇ ಇದೆ. ಅವಳ ಬಟ್ಟೆ ಬದುಕಿರೋರ ಸಾಲಲ್ಲಿ ಯಾಕಿದೆ ಅಂತ ಕೇಳ್ದೆ.”

“ಮಗು ಬದುಕಿದ್ಯಲ್ಲ. ಅದಕ್ಕೆ ಹರಕೆ ತೀರಿಸ್ದೆ. ತಪ್ಪೇನು?”

“ಹರಕೆ ತೀರಿಸೋಕೆ ನಿಮ್ಮ ಪೆಟ್ಟಿಗೇಲಿ ಬಟ್ಟೆ ಇರ್ಲಿಲ್ವಾ? ಸತ್ತೋಳ ಮಗ್ಗಕ್ಕೆ ಕೈ ಹಾಕಿದ್ದು ಯಾರು? ಆ ಜಾಳು ನೇಯ್ಗೆ ಯಾರ್ದು? ಮೀನಿನ ಬಲೆ ಇದಕ್ಕಿಂತ ಚೆನ್ನಾಗಿರತ್ತೆ.”

ಅವಳ ಮುಖ ಕೆಂಪಾಯಿತು. ನೇಯ್ಗೆಯ ಮಾತು ತಾಗಿತ್ತು.

“ನಾನೇ ನೇಯ್ದೆ. ಏನಿವಾಗ? ನಿಮಗೇನು, ಅತ್ತು ಮನೇಗ್ ಹೋದ್ರಿ. ಈ ಕೂಸಿಗೆ ಆಡಿನ ಹಾಲು ಕುಡಿಸ್ತಾ ಕೂತಿರೋಳು ನಾನು. ಫಿಲಾಗ್ರೊಸನಿಗೆ ಇನ್ನೊಂದು ಹೆಣ್ಣು ತರಬೇಕು. ಹೆಣ್ಣಿನ ತಾಯಿ ಇಲ್ಲಿಗ್ ಬಂದು ಆ ಬಂಡೆ ಸಂದಿಲಿ ನಮ್ಮನೆ ಬಟ್ಟೆ ನೋಡಿದ್ರೆ ಕೊಡ್ತಾಳಾ? ದೇವಿ ಬಾಣ ಬಿಟ್ಟ ಮನೆ ಅಂತ ಬಾಗಿಲಿಗೂ ಬರಲ್ಲ.”

“ಬಾಣ ಬಿಟ್ಟಿದ್ದು ನಿಜ ತಾನೇ?”

“ನಿಜ. ಹಾಗಂತ ಊರಿಗೆಲ್ಲ ಸಾರ್ಬೇಕಾ?”

“ಸಾರಬೇಡಿ. ಅವಳ ಬಟ್ಟೆ ಅವಳ ಜಾಗದಲ್ಲಿಡಿ. ಇಫಿಗೆನೆಯಳ ಮುಂದೆ ಅವಳು ಬರಿಗೈಲಿ ನಿಂತಿರ್ತಾಳೆ. ಇಲ್ಲಿ ಅವಳ ಕೆಲಸ ನಿಮ್ಮ ಹೆಸರು ಹೊತ್ಕೊಂಡು ನೇತಾಡ್ತಿದೆ.”

ಸತ್ತ ಮಗಳಿಗೆ ನಾನು ಇನ್ನೇನು ಕೊಡಬಲ್ಲೆ? ಮದುವೆ ಮಾಡಿಕೊಟ್ಟೆ, ಮೈ ತೊಳೆದೆ, ಉಳಿದಿದ್ದು ಇದೊಂದೇ. ಇದೂ ತಪ್ಪಿದರೆ ಹೆರುವಾಗ ಸತ್ತ ಹೆಣ್ಣುಗಳ ನಡುವೆ ಅವಳನ್ನು ಗುರುತಿಸುವವರೇ ಇಲ್ಲ.

ನಾನು ಗುಡಿಯೊಳಗೆ ಹೋಗಿ ಹೊದಿಕೆಯನ್ನು ಗೂಟದಿಂದ ಇಳಿಸಿದೆ. ಬಾಗಿಲು ದಾಟುವುದರೊಳಗೆ ಲಿಸಿಲ್ಲ ಹಿಂದಿನಿಂದ ಬಂದು ನನ್ನ ಸೆರಗು ಹಿಡಿದಳು. “ದೇವಿ ಸೊತ್ತು ಕದೀತಿದ್ದಾಳೆ, ನೋಡ್ರಮ್ಮ,” ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು. ಗುಡಿಯ ಸೊತ್ತು ಕದ್ದವರಿಗೆ ನಮ್ಮಲ್ಲಿ ಸಾವೇ ಶಿಕ್ಷೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಬಟ್ಟೆ ಬಿಡಲಿಲ್ಲ.

ಪೂಜಾರಿಣಿ ಮೆಲಿತ್ತ ಓಡಿ ಬಂದಳು. ನನಗಿಂತ ಹಿರಿಯಳು. ಥೆಯಾನೊಗೆ ಕರಡಿಯ ಹೆಜ್ಜೆ ಕಲಿಸಿದವಳು ಅವಳೇ.

“ಕೆಳಗಿಡು, ಹೆದಿಲೆ. ದೇವಿಗೆ ಕೊಟ್ಟದ್ದು ವಾಪಸ್ ಹೋಗಲ್ಲ. ನಿನಗೆ ತಿಳೀದೇನು?”

“ಕೊಟ್ಟಿದ್ದು ಯಾರು ತಾಯಿ? ಈ ಕರಡಿ ನೋಡಿ. ಇದನ್ನ ಹಾಕಿದ್ ಕೈ ಯಾವುದು ಹೇಳಿ. ಅರ್ಧ ಬಿಟ್ಟು ಹೋದ ಕೈ ಯಾವುದು ಹೇಳಿ.”

ಮೆಲಿತ್ತ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಬಿಗಿ ನೇಯ್ಗೆಯ ಮೇಲೆ ಬೆರಳಾಡಿಸುತ್ತ ಬಂದು ಜಾಳು ಶುರುವಾದಲ್ಲಿ ನಿಲ್ಲಿಸಿದಳು. ಆಮೇಲೆ ಲಿಸಿಲ್ಲಳ ಕಡೆ ತಿರುಗಿದಳು.

“ಸತ್ತವಳ ನೇಯ್ಗೆಗೆ ಎಳೆ ಸೇರಿಸಬಾರದು ಅಂತ ನಿನಗೆ ಯಾರೂ ಹೇಳ್ಲಿಲ್ವೇನಮ್ಮ?”

“ಹೇಳಿದ್ರು,” ಎಂದಳು ಲಿಸಿಲ್ಲ. “ಮಗು ಮುಖ ನೋಡ್ಕೊಂಡು ಮಾಡ್ದೆ.”

“ಹಾಗಾದ್ರೆ ಕೇಳು. ನೀನು ನೇಯ್ದು ಕೊಟ್ಟಿದ್ದನ್ನ ದೇವಿಯಿಂದ ಕಿತ್ಕೊಳ್ಳೋ ಅಧಿಕಾರ ನನಗಿಲ್ಲ. ಅದು ಇಲ್ಲೇ ಇರತ್ತೆ. ಆ ಹುಡುಗಿ ನೇಯ್ದಿದ್ದು ನಿನ್ನದಲ್ಲ. ನಿನ್ನದಲ್ಲದ್ದನ್ನ ನೀನು ಕೊಡೋಕಾಗಲ್ಲ. ಅದು ಊಟೆ ಆಚೆ ಹೋಗತ್ತೆ. ಕೂತ್ಕೊಂಡು ಬಿಚ್ಚಿ.”

ನಾನು ಗುಡಿಯ ಮೆಟ್ಟಿಲ ಮೇಲೆ ಕೂತೆ. ತುದಿಯ ಗಂಟುಗಳನ್ನು ಹಲ್ಲಿನಿಂದ ಸಡಿಲಿಸಿದೆ. ಅಡ್ಡ ಓಡುವ ಹೊಕ್ಕಿನ ಎಳೆ ಹಿಡಿಯಲು ನನ್ನ ಕಣ್ಣಿಗಾಗಲಿಲ್ಲ. ಎಳೆದರೆ ಉದ್ದದ ಹಾಸಿನ ಎಳೆಗೂ ಪೆಟ್ಟು ಬೀಳುತ್ತಿತ್ತು. ಲಿಸಿಲ್ಲ ಸ್ವಲ್ಪ ಹೊತ್ತು ನಿಂತು ನೋಡಿದಳು.

“ಇಲ್ಲಿ ಕೊಡಿ. ಹೀಗೆ ಎಳೆದ್ರೆ ಅವಳದ್ದೂ ಹರಿಯತ್ತೆ,” ಎಂದಳು.

“ಅವಳದ್ದು ಹರಿದ್ರೆ ನಿಮಗೇನು?”

“ಆ ಕರಡಿ ನೇಯೋಕೆ ನಾನೂ ನೋಡ್ದೆ. ಬರ್ಲಿಲ್ಲ. ಅದಕ್ಕೇ ಗೆರೆ ಹಾಕಿದ್ದು. ಕೊಡಿ.”

ಮಗುವನ್ನು ಮೆಲಿತ್ತಳ ಕೈಗಿಟ್ಟು ಅವಳು ಬಿಚ್ಚಿದಳು, ನಾನು ಬಟ್ಟೆಯನ್ನು ಬಿಗಿಹಿಡಿದೆ. ಅವಳನ್ನು ಬೈಯುವುದನ್ನು ನಾನು ನಿಲ್ಲಿಸಲಿಲ್ಲ, ನನಗೆ ತಿರುಗಿ ಹೇಳುವುದನ್ನು ಅವಳೂ ನಿಲ್ಲಿಸಲಿಲ್ಲ. ಹಬ್ಬಕ್ಕೆ ಬಂದವರು ನಮ್ಮನ್ನು ದಾಟಿಕೊಂಡೇ ಒಳಗೆ ಹೋಗುತ್ತಿದ್ದರು. ಅಲೆಯ ಗೆರೆಗಳು ಒಂದೊಂದಾಗಿ ಹೋಗಿ, ಕರಡಿಯ ಮುಂಗಾಲುಗಳ ಕೆಳಗೆ ಬರಿಯ ಹಾಸಿನ ಎಳೆಗಳು ಜೋತುಬಿದ್ದವು. ನನ್ನ ಮಗಳ ಕೈ ನಿಂತ ಜಾಗ ಅದು. ಅಲ್ಲಿಗೆ ಬಂದಾಗ ಲಿಸಿಲ್ಲ ತಾನಾಗಿಯೇ ಕೈ ತೆಗೆದಳು.

ಅದನ್ನು ಮಡಿಸದೆ ಎರಡೂ ಕೈಯ ಮೇಲೆ ಹರವಿಕೊಂಡು ನಾನು ಊಟೆಯನ್ನು ದಾಟಿದೆ. ಇಫಿಗೆನೆಯಳ ಮುಂದಿಟ್ಟು, ಇವಳು ಥೆಯಾನೊ, ಹೆದಿಲೆಯ ಮಗಳು, ಎಂದು ಹೇಳಿದೆ. ಅವಳ ಹತ್ತಿರ ನನಗೆ ಜಗಳವಿಲ್ಲ.

ತಿರುಗಿ ಬಂದು ಆರ್ತೆಮಿಸಳ ಎದುರಿಗೆ ನಿಂತೆ. ಬಿಲ್ಲು ಅವಳ ಕೈಯಲ್ಲಿ ಹಾಗೆಯೇ ಇತ್ತು. ಹಿರಿಯರು ಕಲಿಸಿದಂತೆ ಎರಡೂ ಕೈ ಎತ್ತಿದೆ. ಬೇಡಿಕೊಳ್ಳಲು ನನಗೆ ಬಾಯಿ ಬರಲಿಲ್ಲ. ಪಕ್ಕದ ಗೂಟದಲ್ಲಿ ಮೆಲಿತ್ತ ಆಗಲೇ ಅದನ್ನು ತೂಗುಹಾಕಿದ್ದಳು: ಸುಕ್ಕು ಸುಕ್ಕಾದ ಒಂದು ಹಿಡಿ ಬಿಚ್ಚಿದ ನೂಲು, ಅದರ ಕೆಳಗೆ ಲಿಸಿಲ್ಲಳ ಹೆಸರು.